ಫ್ರಾನ್ಸ್‌ಹುಕ್ ಕಣಿವೆಯೂ ಡಿವಿಲಿಯರ್ಸ್ ಮನೆತನವೂ

ದಕ್ಷಿಣ ಆಫ್ರಿಕಾದ ಕೇಪ್‌ಟೌನ್ ನಗರದಿಂದ ಪೂರ್ವಕ್ಕೆ ಸುಮಾರು 80 ಕಿಲೋಮೀಟರು ದೂರ ಪ್ರಯಾಣ ಮಾಡಿದರೆ, ಬೆಟ್ಟಗಳು ಕೋಟೆಯಂತೆ ಸುತ್ತುವರಿದಿರುವ ಕಣಿವೆಯೊಂದು ಎದುರಾಗುತ್ತದೆ. ಅದಕ್ಕೆ ಫ್ರಾನ್ಸ್‌ಹುಕ್ ಎಂದು ಹೆಸರು. ‘ಫ್ರೆಂಚರ ಮೂಲೆ’ ಎಂದು ಅದರ ಅರ್ಥ. ಬರ್ಗ್ ಎಂಬ ನದಿಯು ಈ ಬೆಟ್ಟಗಳಲ್ಲಿಯೇ ಹುಟ್ಟಿ ಕೆಳಗಿಳಿಯುತ್ತದೆ. ಆ ಸೀಮೆಯಲ್ಲಿ ಮಳೆಗಾಲವೂ ಚಳಿಗಾಲವೂ ಒಂದೇ. ನಮ್ಮಲ್ಲಿ ಮುಂಗಾರು ಸುರಿಯುವ ಜೂನ್ ಜುಲೈ ತಿಂಗಳುಗಳಲ್ಲಿ ಅಲ್ಲಿಯೂ ಮಳೆ ಬೀಳುವುದಾದರೂ ದ್ರಾಕ್ಷಿಯ ಬಳ್ಳಿಗಳು ಎಲೆಯುದುರಿ ಬೋಳಾಗಿರುತ್ತವೆ. ನಮ್ಮ ಚಳಿಗಾಲದಲ್ಲಿ ಅವು ಹಸುರಾಗಿ ಹಬ್ಬಿ, ಫೆಬ್ರವರಿ ಮಾರ್ಚಿಯಲ್ಲಿ ಕೊಯ್ಲಿಗೆ ಬರುತ್ತವೆ. ಪೂರ್ವದಲ್ಲಿ ಆನೆಗಳು ಇಲ್ಲಿ ಹಿಂಡುಹಿಂಡಾಗಿ ಇದ್ದುದರಿಂದ ಡಚ್ಚರು ಈ ಸ್ಥಳವನ್ನು ‘ಆನೆಗಳ ಮೂಲೆ’ ಎಂದು ಕರೆಯುತ್ತಿದ್ದರು. ಆನೆಗಳು ಹೋದುವು, ಫ್ರೆಂಚರು ಬಂದರು, ಹೆಸರೂ ಬದಲಾಯಿತು.

ಈ ಕಣಿವೆಯಲ್ಲಿ ಸಂಚರಿಸುವ ಪ್ರವಾಸಿಗೆ ಒಂದು ವಿಚಿತ್ರವು ಬೇಗನೆ ಕಂಡುಬರುತ್ತದೆ. ತೋಟಗಳ ಬಾಗಿಲಲ್ಲಿ ಬರೆದಿರುವ ಹೆಸರುಗಳು ಲಾ ಪ್ರೊವಾನ್ಸ್, ಲಾ ಮೋತ್, ಲಾ ದೋಫೀನ್, ಶಾಂಪಾನ್ಯ್, ಬುರ್ಗೋನ್ಯ್ ಎಂದು ಶುದ್ಧ ಫ್ರೆಂಚಿನಲ್ಲಿವೆ. ಮನೆಯವರ ಹೆಸರುಗಳೂ ಫ್ರೆಂಚಿನವೇ. ಆದರೆ ಆ ಮನೆಗಳೊಳಗೆ ಹೊಕ್ಕು ಕೇಳಿದರೆ ಆಡುವ ಮಾತು ಆಫ್ರಿಕಾನ್ಸ್, ಇಲ್ಲವೆ ಇಂಗ್ಲಿಷು. ಫ್ರೆಂಚ್ ಭಾಷೆಯು ಈ ಕುಟುಂಬಗಳ ಬಾಯಿಂದ ಅಳಿದು ಇನ್ನೂರು ವರ್ಷಗಳಿಗೂ ಹೆಚ್ಚಾಗಿದೆ. ಭಾಷೆ ಹೋಗಿ ಹೆಸರು ಮಾತ್ರ ಉಳಿದುದು ಹೇಗೆ ಎಂಬುದನ್ನು ಒಂದೇ ಒಂದು ಮನೆತನದ ಹೆಸರನ್ನು ಹಿಡಿದು ನೋಡುವುದು ಈ ಲೇಖನದ ಉದ್ದೇಶ.

ಆ ಹೆಸರು ನಮ್ಮ ವಾಚಕರಿಗೆ ಅಪರಿಚಿತವಾದುದಲ್ಲ. 2011ರಿಂದ 2021ರವರೆಗೆ ಬೆಂಗಳೂರಿನ ಕ್ರಿಕೆಟ್ ತಂಡದಲ್ಲಿ ಆಡಿದ ಎ. ಬಿ. ಡಿವಿಲಿಯರ್ಸ್ ಅವರ ಹೆಸರನ್ನು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಸಹಸ್ರಾರು ಕಂಠಗಳು ಒಮ್ಮೆಗೇ ಕೂಗುತ್ತಿದ್ದುವು. ಮನೆಯ ಮಕ್ಕಳು ಅದನ್ನು ಮೂರಕ್ಷರಕ್ಕೆ ಇಳಿಸಿ ‘ಎಬಿಡಿ’ ಎಂದರು. ಹೀಗೆ ನಮ್ಮ ಹಜಾರಗಳಲ್ಲಿ ಪ್ರತಿಧ್ವನಿಸಿದ ಈ ಶಬ್ದವು ಫ್ರಾನ್ಸಿನ ಯಾವುದೋ ಒಂದು ಸಣ್ಣ ಹಳ್ಳಿಯಿಂದ ಹೊರಟು, ಎರಡು ಸಮುದ್ರಗಳನ್ನು ದಾಟಿ ಬಂದಿದೆ.

ಮೊದಲು ಅದರ ಅರ್ಥವನ್ನು ನೋಡೋಣ. ‘ದ’ ಎಂಬುದು ಫ್ರೆಂಚಿನಲ್ಲಿ ‘ಇಂದ’ ಎಂಬ ಅರ್ಥವನ್ನು ಕೊಡುವ ಶಬ್ದ. ವಿಲಿಯೇ ಎಂಬುದು ಊರಿನ ಹೆಸರು. ಲ್ಯಾಟಿನ್ನಿನಲ್ಲಿ ‘ವಿಲ್ಲಾ’ ಎಂದರೆ ಜಮೀನ್ದಾರಿಯ ದೊಡ್ಡ ತೋಟದ ಮನೆ. ಅದಕ್ಕೆ ಸೇರಿದ ಸಣ್ಣ ಒಕ್ಕಲು ಹಳ್ಳಿಗೆ ‘ವಿಲ್ಲಾರೆ’ ಎಂದು ಹೆಸರು. ಅದೇ ಸವೆದು ವಿಲಿಯೇ ಎಂದಾಯಿತು. ಫ್ರಾನ್ಸಿನಲ್ಲಿ ಈ ಹೆಸರಿನ ಊರುಗಳು ಒಂದೆರಡಲ್ಲ, ಅನೇಕವಿವೆ. ನಮ್ಮಲ್ಲಿ ಹೊಸಹಳ್ಳಿಗಳೂ ಕೊಪ್ಪಲುಗಳೂ ಎಷ್ಟೋ ಇರುವ ಹಾಗೆ. ಆದುದರಿಂದ ‘ದ ವಿಲಿಯೇ’ ಎಂದರೆ ‘ಕೊಪ್ಪಲಿನವನು’ ಎಂದಿಷ್ಟೇ ಅರ್ಥ. ಉತ್ತರ ಕರ್ನಾಟಕದಲ್ಲಿ ಬೆಳಗಾಂವಕರ, ಧಾರವಾಡಕರ ಎಂಬ ಅಡ್ಡಹೆಸರುಗಳಿರುವುದೂ, ಹಳೆಯ ಮೈಸೂರಿನ ಕಡೆ ಹೆಸರಿನ ಮುಂದೆ ಹಿರಿಯರ ಊರಿನ ಮೊದಲಕ್ಷರವನ್ನು ಬರೆದುಕೊಳ್ಳುವುದೂ ಇದೇ ಬಗೆಯ ಪದ್ಧತಿ.

ಇಂತಹ ಹೆಸರುಗಳಲ್ಲಿ ಒಂದು ಸ್ವಾರಸ್ಯವುಂಟು. ಧಾರವಾಡದಲ್ಲಿಯೇ ಇರುವವನನ್ನು ಯಾರೂ ಧಾರವಾಡಕರ ಎಂದು ಕರೆಯುವುದಿಲ್ಲ; ಅಲ್ಲಿ ಎಲ್ಲರೂ ಆ ಊರಿನವರೇ. ಅವನು ಊರು ಬಿಟ್ಟು ಬೇರೆ ಕಡೆ ನೆಲಸಿದಾಗ ಮಾತ್ರ ಅಲ್ಲಿಯ ಜನ ಅವನನ್ನು ಅವನ ಊರಿನಿಂದ ಗುರುತಿಸುತ್ತಾರೆ. ಆದುದರಿಂದ ಊರಿನ ಮೇಲೆ ಬಂದ ಮನೆತನದ ಹೆಸರು ವಲಸೆಯ ಮೊದಲನೆಯ ದಾಖಲೆಯೇ ಸರಿ. ಡಿವಿಲಿಯರ್ಸ್ ಮನೆತನದ ಮೂಲಪುರುಷನೊಬ್ಬನು, ಸಮುದ್ರವನ್ನು ನೋಡುವುದಕ್ಕೆ ಎಷ್ಟೋ ತಲೆಮಾರು ಮೊದಲೇ, ತನ್ನ ಕೊಪ್ಪಲನ್ನು ಬಿಟ್ಟು ಮತ್ತೊಂದೂರಿಗೆ ಹೋಗಿದ್ದನೆಂಬುದನ್ನು ಹೆಸರೇ ಹೇಳುತ್ತದೆ.

ಫ್ರಾನ್ಸ್‌ಹುಕ್ಕಿನ ಇತರ ಹೆಸರುಗಳಿಗೂ ಹೀಗೆಯೇ ಮನೆಮಾತಿನ ಅರ್ಥಗಳಿವೆ. ಲರೂ ಎಂದರೆ ಕೆಂಪು ಕೂದಲಿನವನು. ನಮ್ಮ ಕೆಂಚಪ್ಪನಿಗೆ ಸರಿಯಾದ ಹೆಸರು. ದು ತ್ವಾ ಎಂದರೆ ಮಾಡಿನವನು, ಸೂರಿನವನು. 2022ರಿಂದ 2024ರವರೆಗೆ ಬೆಂಗಳೂರು ತಂಡದ ನಾಯಕರಾಗಿದ್ದ ಡುಪ್ಲೆಸಿ ಅವರ ಹೆಸರಿನಲ್ಲಿರುವ ‘ಪ್ಲೆಸಿ’ ಎಂಬುದು ಕೊಂಬೆಗಳನ್ನು ಹೆಣೆದು ಮಾಡಿದ ಬೇಲಿ. ಮಾಲೆರ್ಬ್ ಎಂದರೆ ಕಳೆಯ ಗಿಡ. ರಾಜರ ಪದವಿಗಳಲ್ಲ, ಬಿರುದುಗಳಲ್ಲ. ಬೇಲಿ, ಸೂರು, ಕಳೆ, ಕೂದಲ ಬಣ್ಣ. ಒಕ್ಕಲು ಜನರ ಹೆಸರುಗಳು ಎಲ್ಲ ದೇಶದಲ್ಲಿಯೂ ಒಂದೇ ತೆರನಾದುವು.

ಇಂತಹ ಜನ ದೇಶವನ್ನೇ ಬಿಟ್ಟು ಓಡಬೇಕಾಗಿ ಬಂದುದು ಧರ್ಮದ ಕಾರಣದಿಂದ. ಫ್ರಾನ್ಸಿನಲ್ಲಿ ಕ್ಯಾಥೊಲಿಕ್ ಮತವು ರಾಜಮತವಾಗಿತ್ತು. ಪ್ರಾಟೆಸ್ಟಂಟ್ ಮತವನ್ನು ಅವಲಂಬಿಸಿದವರಿಗೆ ಹ್ಯೂಗೆನಾಟರು ಎಂದು ಹೆಸರು. ಹಲವು ವರ್ಷಗಳ ಅಂತಃಕಲಹದ ಅನಂತರ 1598ರಲ್ಲಿ ನಾಲ್ಕನೆಯ ಹೆನ್ರಿ ದೊರೆಯು ನಾಂತ್ ಎಂಬಲ್ಲಿ ಹೊರಡಿಸಿದ ಶಾಸನದಿಂದ ಅವರಿಗೆ ತಮ್ಮ ಪೂಜಾವಿಧಿಗಳನ್ನು ಗೊತ್ತಾದ ಸ್ಥಳಗಳಲ್ಲಿ ನಡೆಸುವ ಹಕ್ಕು ದೊರೆಯಿತು. ಪಶ್ಚಿಮ ಸಮುದ್ರತೀರದ ಲಾ ರೋಶೆಲ್ ಎಂಬ ರೇವುಪಟ್ಟಣವು ಅವರ ಬಲವಾದ ನೆಲೆ. 1627-28ರಲ್ಲಿ ಹದಿಮೂರನೆಯ ಲೂಯಿಯ ಸೈನ್ಯವು ಒಂದು ವರ್ಷಕ್ಕೂ ಮೀರಿ ಆ ಪಟ್ಟಣವನ್ನು ಮುತ್ತಿ ಉಪವಾಸ ಕೆಡವಿ ಶರಣಾಗಿಸಿತು. ಆಮೇಲೆ ಹದಿನಾಲ್ಕನೆಯ ಲೂಯಿಯ ಕಾಲದಲ್ಲಿ, 1681ರಿಂದ, ಕುದುರೆ ಸವಾರರನ್ನು ಹ್ಯೂಗೆನಾಟರ ಮನೆಗಳಲ್ಲಿಯೇ ಇಳಿಸುವ ಕ್ರಮ ಹೊರಟಿತು. ಮನೆಯೊಡೆಯನು ಮತ ಬದಲಾಯಿಸುವ ತನಕ ಸಿಪಾಯಿಗಳು ಅವನ ಒಲೆಯ ಮುಂದೆಯೇ ಬಿಡಾರ ಮಾಡಿ, ಅವನ ಕಣಜವನ್ನು ತಿಂದು, ಹೆಂಗಸರು ಮಕ್ಕಳ ನಿದ್ರೆಯನ್ನು ಕೆಡಿಸುವರು. ಗೃಹಸ್ಥನನ್ನು ಅವನ ಗೃಹದಲ್ಲಿಯೇ ಸೋಲಿಸುವ ಉಪಾಯವಿದು.

1685ರ ಅಕ್ಟೋಬರಿನಲ್ಲಿ ಲೂಯಿಯು ನಾಂತ್ ಶಾಸನವನ್ನೇ ರದ್ದು ಮಾಡಿದನು. ಪಾದ್ರಿಗಳು ಹದಿನೈದು ದಿವಸಗಳೊಳಗೆ ದೇಶ ಬಿಡಬೇಕು. ಇತರರು ದೇಶ ಬಿಡಕೂಡದು. ಓಡಿಹೋಗುವ ಗಂಡಸು ಸಿಕ್ಕಿಬಿದ್ದರೆ ಅರಸನ ನಾವೆಗಳಲ್ಲಿ ಸರಪಳಿ ಕಟ್ಟಿಸಿಕೊಂಡು ಹುಟ್ಟು ಹಾಕಬೇಕು. ಆದರೂ ಸುಮಾರು ಎರಡು ಲಕ್ಷ ಜನ ರಾತ್ರಿಯ ದಾರಿಗಳಲ್ಲಿ, ಸರಕಿನ ಹಡಗುಗಳಲ್ಲಿ ಅಡಗಿ, ಹಾಲೆಂಡ್, ಇಂಗ್ಲೆಂಡ್, ಜರ್ಮನಿ, ಸ್ವಿಟ್ಜರ್ಲೆಂಡುಗಳಿಗೆ ಹೊರಟುಹೋದರು.

ಹಾಲೆಂಡಿನಲ್ಲಿ ಸೇರಿದವರ ಮೇಲೆ ಡಚ್ ಈಸ್ಟ್ ಇಂಡಿಯಾ ಕಂಪೆನಿಯ ಕಣ್ಣು ಬಿದ್ದಿತು. ಇಂಡಿಯಾ ಮತ್ತು ಜಾವಾ ದ್ವೀಪಗಳಿಗೆ ಹೋಗಿಬರುವ ತನ್ನ ಹಡಗುಗಳಿಗೆ ನೀರು, ತರಕಾರಿ, ಮಾಂಸಗಳನ್ನು ಒದಗಿಸುವ ಸಲುವಾಗಿ ಕಂಪೆನಿಯು 1652ರಲ್ಲಿ ಆಫ್ರಿಕಾದ ದಕ್ಷಿಣ ತುದಿಯಲ್ಲಿ ಠಾಣ್ಯವೊಂದನ್ನು ಸ್ಥಾಪಿಸಿತ್ತು. ಅಲ್ಲಿಗೆ ಬೇಸಾಯಗಾರರು ಬೇಕಾಗಿದ್ದರು. ದ್ರಾಕ್ಷಿಯ ಕೃಷಿ ಬಲ್ಲವರು ವಿಶೇಷವಾಗಿ ಬೇಕಾಗಿದ್ದರು. ಬರಲೊಪ್ಪಿದವರಿಗೆ ಹಡಗಿನ ಪ್ರಯಾಣ ಉಚಿತ, ಉಳುವುದಕ್ಕೆ ಭೂಮಿ ಉಚಿತ; ಆದರೆ ಐದು ವರ್ಷ ಅಲ್ಲಿಯೇ ಇರತಕ್ಕದ್ದು, ಕಂಪೆನಿಗೆ ನಿಷ್ಠೆಯ ಪ್ರಮಾಣ ಮಾಡತಕ್ಕದ್ದು. ಈ ಕರಾರಿನ ಮೇಲೆ ಮೊದಲನೆಯ ತಂಡವು 1688ರ ಏಪ್ರಿಲಿನಲ್ಲಿ ಹೋಗಿ ಸೇರಿತು. ಅದೇ ವರ್ಷದ ಆಗಸ್ಟಿನಲ್ಲಿ ಪಿಯೇರ್ ಸಿಮೋನ್ ಎಂಬ ಪಾದ್ರಿಯೂ ಬಂದನು. ಒಂದೆರಡು ವರ್ಷಗಳಲ್ಲಿ ಹೀಗೆ ಬಂದವರು ಎಲ್ಲ ಸೇರಿ ಇನ್ನೂರರ ಒಳಗೆ.

ನಮ್ಮ ಕಥೆಯ ಮೂವರು ಅಣ್ಣತಮ್ಮಂದಿರು, ಪಿಯೇರ್, ಅಬ್ರಹಾಮ್, ಝಾಕ್ ದ ವಿಲಿಯೇ, ಲಾ ರೋಶೆಲ್ ಸೀಮೆಯವರು. ಅವರು ‘ಝಿಯಾನ್’ ಎಂಬ ಹಡಗಿನಲ್ಲಿ 1689ರ ಮೇ ತಿಂಗಳಿನಲ್ಲಿ ಕೇಪಿನಲ್ಲಿ ಇಳಿದರು. ಇವರು ಮೂವರೂ ದ್ರಾಕ್ಷಿ ತೋಟವನ್ನು ಹಾಕಿ ನಡೆಸುವುದರಲ್ಲಿ ಬಲ್ಲವರೆಂದು ಕಂಪೆನಿಯ ಡೆಲ್ಫ್ಟ್ ಶಾಖೆಯು ಕೇಪಿನ ಅಧಿಕಾರಿಗಳಿಗೆ ಮುಂಚಿತವಾಗಿಯೇ ಬರೆದಿತ್ತು. ಅಬ್ರಹಾಮನೂ ಝಾಕನೂ ಪ್ರೊವಾನ್ಸಿನಿಂದ ಓಡಿಬಂದಿದ್ದ ಗಾರ್ದಿಯೋಲ್ ಮನೆತನದ ಅಕ್ಕತಂಗಿಯರಾದ ಸುಸಾನ್ನಾ, ಮಾರ್ಗರೀತ್ ಎಂಬವರನ್ನು ಮದುವೆಯಾದರು. ಫ್ರಾನ್ಸಿನಲ್ಲಿದ್ದಿದ್ದರೆ ಈ ಎರಡು ಕುಟುಂಬಗಳು ಒಂದರ ಮುಖವನ್ನು ಇನ್ನೊಂದು ಕಾಣುತ್ತಿದ್ದುದೇ ಸಂದೇಹ. ಅವರ ಊರುಗಳ ನಡುವೆ ದೇಶದ ಅಗಲವೇ ಇತ್ತು. ಆನೆಗಳ ಮೂಲೆಯಲ್ಲಿ 1694ರ ಸುಮಾರಿಗೆ ಭೂಮಿಯನ್ನು ಹಂಚಿದಾಗ ಅಣ್ಣತಮ್ಮಂದಿರು ತಮ್ಮ ತೋಟಗಳಿಗೆ ಬುರ್ಗೋನ್ಯ್, ಶಾಂಪಾನ್ಯ್, ಲಾ ಬ್ರೀ ಎಂದು ಹೆಸರಿಟ್ಟರು. ಇವು ಮೂರೂ ಫ್ರಾನ್ಸಿನ ಸೀಮೆಗಳ ಹೆಸರು. ಹಿಂತಿರುಗಿ ಹೋಗಲಾರದ ದೇಶವನ್ನು ಅವರು ಹೊಲದ ಎಲ್ಲೆಯೊಳಗೆ ಬರೆದಿಟ್ಟುಕೊಂಡರು.

ಇಲ್ಲಿ ಇನ್ನೊಂದು ಸಂಗತಿಯನ್ನು ಹೇಳದೆ ಮುಂದೆ ಹೋಗುವುದು ನ್ಯಾಯವಲ್ಲ. ಉಚಿತವಾಗಿ ಹಂಚಿದ ಆ ಭೂಮಿ ಒಡೆಯರಿಲ್ಲದ ಭೂಮಿಯಲ್ಲ. ಖೋಯ್‌ಖೋಯ್ ಎಂಬ ದನಗಾಹಿ ಜನಾಂಗವು ಅಲ್ಲಿ ತಲೆತಲಾಂತರದಿಂದ ದನ ಕುರಿಗಳನ್ನು ಮೇಯಿಸುತ್ತಿತ್ತು. ತೋಟಗಳಲ್ಲಿ ದುಡಿದವರಲ್ಲಿ ಬಹುಮಂದಿ ಗುಲಾಮರು. ಮಡಗಾಸ್ಕರ್, ಮೊಜಾಂಬಿಕ್, ಜಾವಾ ಕಡೆಯ ದ್ವೀಪಗಳಿಂದ ಮಾತ್ರವೇ ಅಲ್ಲ, ನಮ್ಮ ದೇಶದ ಬಂಗಾಳ, ಮಲಬಾರು, ಚೋಳಮಂಡಲ ತೀರಗಳಿಂದಲೂ ಗಂಡಸರನ್ನೂ ಹೆಂಗಸರನ್ನೂ ಮಕ್ಕಳನ್ನೂ ಕೊಂಡು ಹಡಗಿನಲ್ಲಿ ಕೇಪಿಗೆ ಸಾಗಿಸಿದರು. ಅವರ ತಂದೆತಾಯಿಗಳಿಟ್ಟ ಹೆಸರುಗಳನ್ನು ಕಿತ್ತುಹಾಕಿ ಹೊಸ ಹೆಸರಿಟ್ಟು, ಅದರ ಮುಂದೆ ‘ಫಾನ್ ಬೆಂಗಾಲ’, ‘ಫಾನ್ ಮಲಬಾರ್’ ಎಂದು ಲೆಕ್ಕದ ಪುಸ್ತಕದಲ್ಲಿ ಬರೆದರು. ಡಚ್ಚಿನ ‘ಫಾನ್’ ಎಂಬುದಕ್ಕೂ ಫ್ರೆಂಚಿನ ‘ದ’ ಎಂಬುದಕ್ಕೂ ಅರ್ಥ ಒಂದೇ: ‘ಇಂದ’. ‘ವಿಲಿಯೇ ಊರಿನವನು’, ‘ಬಂಗಾಳದವಳು’ ಎಂಬ ಎರಡು ಹೆಸರುಗಳೂ ವ್ಯಾಕರಣದಲ್ಲಿ ಸಮಾನ. ಆದರೆ ಮೊದಲನೆಯದು ಭೂಮಿಯ ಹಕ್ಕುಪತ್ರದ ಮೇಲೆ ಬಿದ್ದಿತು. ಎರಡನೆಯದು ಕ್ರಯಪತ್ರದ ಮೇಲೆ ಬಿದ್ದಿತು.

ಅಂತಹವರಲ್ಲಿ ಬಂಗಾಳದ ಆಂಜೆಲಾ ಎಂಬ ಸ್ತ್ರೀಯ ವೃತ್ತಾಂತವು ದಾಖಲೆಗಳಲ್ಲಿ ಉಳಿದಿದೆ. ಕೇಪಿನ ಮೊದಲನೆಯ ಅಧಿಕಾರಿಯಾದ ಯಾನ್ ಫಾನ್ ರೀಬೆಕನ ಮನೆಯಲ್ಲಿ ದಾಸಿಯಾಗಿದ್ದ ಅವಳು 1666ರಲ್ಲಿ ಬಿಡುಗಡೆ ಹೊಂದಿ, 1669ರಲ್ಲಿ ಆರ್ನೋಲ್ಡುಸ್ ಬಾಸೋನ್ ಎಂಬ ಗೃಹಸ್ಥನನ್ನು ಮದುವೆಯಾದಳು. ಅವಳ ಸಂತತಿ ದಕ್ಷಿಣ ಆಫ್ರಿಕಾದಲ್ಲಿ ಬಹಳವಾಗಿ ಹಬ್ಬಿದೆ. ಆದರೆ ಅವರು ಬಾಸೋನರು. ‘ಬಂಗಾಳ’ ಎಂಬ ಶಬ್ದ ಅವಳೊಂದಿಗೇ ಮುಗಿಯಿತು. ಗಾರ್ದಿಯೋಲ್ ಅಕ್ಕತಂಗಿಯರ ತವರಿನ ಹೆಸರೂ ಅವರ ಮಕ್ಕಳಿಗೆ ಬರಲಿಲ್ಲ. ಮನೆತನದ ಹೆಸರೆಂಬುದು ವಂಶವೃಕ್ಷದ ಒಂದು ಕೊಂಬೆಯನ್ನು ಮಾತ್ರ ತೋರಿಸುವ ದೀಪ. ಉಳಿದ ಕೊಂಬೆಗಳು ಇಲ್ಲವೆಂದು ಅದರಿಂದ ತಿಳಿಯಬಾರದು.

ಇನ್ನು ಭಾಷೆಯ ವಿಷಯ. ಫ್ರೆಂಚರು ಒಂದೆಡೆ ಗುಂಪಾಗಿ ನೆಲಸಿ ಪ್ರತ್ಯೇಕ ಸಮಾಜವಾಗುವುದು ಕಂಪೆನಿಗೆ ಇಷ್ಟವಿರಲಿಲ್ಲ. ಆದುದರಿಂದ ಅವರ ತೋಟಗಳನ್ನು ಡಚ್ಚರ ತೋಟಗಳ ನಡುನಡುವೆ ಹಂಚಿಕೊಟ್ಟರು. 1689ರಲ್ಲಿ ಪಾದ್ರಿ ಸಿಮೋನನು ಕೆಲವರನ್ನು ಕರೆದುಕೊಂಡು ಹೋಗಿ, ತಮಗೆ ಪ್ರತ್ಯೇಕ ಚರ್ಚಿನ ಸಭೆಯಿರಬೇಕೆಂದು ಸೀಮೋನ್ ಫಾನ್ ಡರ್ ಸ್ಟೆಲ್ ಎಂಬ ಅಧಿಕಾರಿಯನ್ನು ಬೇಡಿದಾಗ, ಅಧಿಕಾರಿಯು ಸಿಟ್ಟಿನಿಂದ ನಿರಾಕರಿಸಿದನು. ಹಾಲೆಂಡಿನ ಹಿರಿಯ ನಿರ್ದೇಶಕರು ಆ ಬಳಿಕ ಚರ್ಚಿಗೆ ಒಪ್ಪಿಗೆ ಕೊಟ್ಟರು. ಆದರೆ 1701ರಲ್ಲಿ ಅವರಿಂದಲೇ ಇನ್ನೊಂದು ಆಜ್ಞೆ ಬಂದಿತು: ಮುಂದೆ ಬರುವ ಪಾದ್ರಿಯು ಫ್ರೆಂಚ್ ತಿಳಿದವನಾಗಿರಲಿ, ವೃದ್ಧರನ್ನು ಆ ಭಾಷೆಯಲ್ಲಿ ಸಮಾಧಾನಪಡಿಸಲಿ, ಆದರೆ ಉಪದೇಶವು ಡಚ್ಚಿನಲ್ಲಿ ನಡೆಯಲಿ, ಮಕ್ಕಳಿಗೆ ಓದುಬರಹ ಡಚ್ಚಿನಲ್ಲಿ ಕಲಿಸಲ್ಪಡಲಿ. 1702ರಲ್ಲಿ ಸಿಮೋನನು ಯೂರೋಪಿಗೆ ಹಿಂತಿರುಗಿದನು.

ಯಾರೂ ಫ್ರೆಂಚ್ ಮಾತನ್ನು ಮನೆಯೊಳಗೆ ನಿಷೇಧಿಸಲಿಲ್ಲ. ಸಿಪಾಯಿಗಳನ್ನು ಒಲೆಯ ಮುಂದೆ ಕೂರಿಸಲಿಲ್ಲ. ಶಾಲೆಯ ಭಾಷೆ ಬೇರೆಯಾಯಿತು. ದೇವರ ಮುಂದೆ ಹೇಳುವ ಭಾಷೆ ಬೇರೆಯಾಯಿತು. ಸಂತೆಯ ಭಾಷೆಯೂ ಕೋರ್ಟಿನ ಭಾಷೆಯೂ ಮೊದಲೇ ಬೇರೆಯಾಗಿದ್ದುವು. ಅಷ್ಟೇ ಸಾಕಾಯಿತು. 1751ರಿಂದ 1753ರವರೆಗೆ ನಕ್ಷತ್ರಗಳ ವೀಕ್ಷಣೆಗಾಗಿ ಕೇಪಿನಲ್ಲಿದ್ದ ಲಕಾಯ್ ಎಂಬ ಫ್ರೆಂಚ್ ಪಂಡಿತನು, ನಲವತ್ತು ವರ್ಷಕ್ಕೆ ಕೆಳಗಿನವರಲ್ಲಿ ಫ್ರೆಂಚ್ ಮಾತನಾಡುವವರಿಲ್ಲವೆಂದು ಕಂಡು ಬರೆದಿಟ್ಟನು. ವೃದ್ಧರು ತಮ್ಮ ತಮ್ಮಲ್ಲಿ ಆಡಿಕೊಳ್ಳುತ್ತಿದ್ದರು. ಮೊಮ್ಮಕ್ಕಳು ಕೇಳಿಯೂ ತಿಳಿಯದೆ ಕುಳಿತಿರುತ್ತಿದ್ದರು. ಇನ್ನು ಮೂವತ್ತು ವರ್ಷಗಳ ಮೇಲೆ ಬಂದ ಲವಯ್ಯಾ ಎಂಬ ಪ್ರವಾಸಿಗೆ ಆ ಕಣಿವೆಯಲ್ಲಿ ಫ್ರೆಂಚ್ ತಿಳಿದ ಒಬ್ಬ ಮುದುಕನು ಮಾತ್ರ ಸಿಕ್ಕಿದನು. ಹದಿನಾಲ್ಕನೆಯ ಲೂಯಿಯ ಸೈನ್ಯವು ಕಿತ್ತುಕೊಳ್ಳಲಾರದ ಧರ್ಮವನ್ನು ಈ ಜನ ಹಡಗಿನಲ್ಲಿ ಕಾಪಾಡಿಕೊಂಡು ಬಂದರು. ಆದರೆ ಯಾವ ಸೈನ್ಯವೂ ಕೇಳದಿದ್ದ ಭಾಷೆಯು ಮೂರು ತಲೆಮಾರಿನಲ್ಲಿ ಸದ್ದಿಲ್ಲದೆ ಜಾರಿಹೋಯಿತು.

ಭಾಷೆ ಹೋದ ಮೇಲೆ ಹೆಸರುಗಳ ರೂಪವೂ ಕದಲಿತು. ಉಚ್ಚಾರಣೆಯನ್ನು ಕೇಳಿದ ಡಚ್ ಗುಮಾಸ್ತನು ತನಗೆ ತೋರಿದಂತೆ ಬರೆದನು. ಹ್ಯೂಗೆನಾಟರಿಗಿಂತ ಮೊದಲೇ, 1671ರ ಸುಮಾರಿಗೆ ಬಂದಿದ್ದ ಗಾಡಿ ಮಾಡುವ ಫ್ರಾನ್ಸ್ವಾ ವಿಲಿಯೋನನ ಮನೆತನವು ಫಿಲ್ಯೂನ್ ಆಯಿತು. ಕ್ರೋನಿಯೇ ಎಂಬುದು ಕ್ರೋನಿಯೆ ಆಗಿ, ಹೊಸ ಕಾಗುಣಿತವನ್ನು ಹೊಂದಿತು. ಪಿನಾರ್ ಎಂಬುದು ಪಿನಾರ್‌ಗೆ ಬದಲಾಗಿ ಪೀನಾರ್ ಆಯಿತು.  ಡಿವಿಲಿಯರ್ಸ್ ಎಂಬ ಹೆಸರಿನ ಕಾಗುಣಿತವು ಬಹುಮಟ್ಟಿಗೆ ಹಳೆಯದೇ ಉಳಿಯಿತು, ಉಚ್ಚಾರಣೆ ಉಳಿಯಲಿಲ್ಲ. ಫ್ರಾನ್ಸಿನಲ್ಲಿ ಏಕಾರದಿಂದ ಮುಗಿಯುತ್ತಿದ್ದ ಹೆಸರು ಕೇಪಿನಲ್ಲಿ ಈಕಾರದಿಂದ ಮುಗಿಯತೊಡಗಿತು. ಫ್ರೆಂಚರು ಬರೆದೂ ಉಚ್ಚರಿಸದಿದ್ದ ಕೊನೆಯ ರಕಾರ ಸಕಾರಗಳನ್ನು ಇಂಗ್ಲಿಷಿನ ಮೂಲಕ ಕಲಿತ ನಾವು ಗಟ್ಟಿಯಾಗಿ ಉಚ್ಚರಿಸುತ್ತೇವೆ. ಒಂದೇ ಹೆಸರನ್ನು ಮೂರು ಖಂಡಗಳು ಮೂರು ಬಗೆಯಾಗಿ ಕರೆಯುತ್ತವೆ.

ಹೆಸರು ಹೀಗೆ ಸವೆಯುತ್ತಿರಲು ಕುಟುಂಬವು ಬೆಳೆಯಿತು. ಫ್ರಾನ್ಸ್‌ಹುಕ್ಕಿಗೆ ಹತ್ತಿರದ ಬೋಶೆಂಡಾಲ್ ಎಂಬ ತೋಟವನ್ನು ಹದಿನೆಂಟನೆಯ ಶತಮಾನದ ಆದಿಯಲ್ಲಿ ಪಡೆದ ಡಿವಿಲಿಯರ್ಸ್ ಮನೆತನದವರು 1879ರವರೆಗೆ ಅದನ್ನು ಅನುಭವಿಸಿದರು. 1812ರಲ್ಲಿ ಪಾಲ್ ಡಿವಿಲಿಯರ್ಸ್ ಎಂಬವನು ಕಟ್ಟಿಸಿದ ಬಿಳಿಯ ಗೋಡೆಯ ದೊಡ್ಡ ಮನೆಯನ್ನು ಈಗಲೂ ಪ್ರವಾಸಿಗಳು ಹೋಗಿ ನೋಡಬಹುದು. ಈ ವಂಶದ ಜಾನ್ ಹೆನ್ರಿ ಡಿವಿಲಿಯರ್ಸ್ 1873ರಲ್ಲಿ ಕೇಪ್ ಸಂಸ್ಥಾನದ ಮುಖ್ಯ ನ್ಯಾಯಾಧೀಶನಾಗಿ, 1910ರಲ್ಲಿ ದಕ್ಷಿಣ ಆಫ್ರಿಕಾ ಒಕ್ಕೂಟದ ಮೊದಲನೆಯ ಮುಖ್ಯ ನ್ಯಾಯಾಧೀಶನಾದನು. ಮಾರ್ಟಿನಸ್ ಡಿವಿಲಿಯರ್ಸ್ ಎಂಬ ಪಾದ್ರಿಯು 1921ರಲ್ಲಿ ರಾಗ ಹಾಕಿದ ಗೀತೆಯ ಒಂದು ಭಾಗ ಆ ದೇಶದ ಇಂದಿನ ರಾಷ್ಟ್ರಗೀತೆಯಲ್ಲಿ ಸೇರಿದೆ. ಕ್ರಿಸ್ಟೋಫೆಲ್ ಡಿವಿಲಿಯರ್ಸ್ ಎಂಬವನು ಕೇಪಿನ ಹಳೆಯ ಕುಟುಂಬಗಳ ವಂಶಾವಳಿಗಳನ್ನು ಚರ್ಚಿನ ದಾಖಲೆಗಳಿಂದ ಸಂಗ್ರಹಿಸುತ್ತ ಜೀವ ಸವೆಸಿದನು. ಅವನ ಗ್ರಂಥವು ಅವನು ಕಾಲವಾದ ಮೇಲೆ 1893-94ರಲ್ಲಿ ಅಚ್ಚಾಯಿತು. 2008ರಲ್ಲಿ ಆ ದೇಶದ ರಗ್ಬಿ ತಂಡಕ್ಕೆ ಬಿಳಿಯರಲ್ಲದ ಮೊದಲನೆಯ ತರಬೇತುದಾರರಾಗಿ ನೇಮಕವಾದವರು ಪೀಟರ್ ಡಿವಿಲಿಯರ್ಸ್. ಮೂವರು ಅಣ್ಣತಮ್ಮಂದಿರ ಹೆಸರು ಇಂದು ಎಲ್ಲ ಬಣ್ಣದವರ ಹೆಸರಾಗಿದೆ.

ಈ ಜನಾಂಗದವರು ಕನ್ನಡನಾಡಿಗೆ ಬಂದುದು ಕ್ರಿಕೆಟ್ಟಿನಿಂದಲೇ ಮೊದಲಲ್ಲ. 1899ರಿಂದ 1902ರವರೆಗೆ ಇಂಗ್ಲಿಷರೊಡನೆ ಯುದ್ಧ ಮಾಡಿದ ಬೋಯರರಲ್ಲಿ ಡಚ್ಚರ ಸಂತತಿಯವರ ಜೊತೆಗೆ ಹ್ಯೂಗೆನಾಟರ ಸಂತತಿಯವರೂ ಇದ್ದರು. ಅವರ ದಂಡನಾಯಕರಲ್ಲಿ ಝೂಬೇರ್, ಕ್ರೋನಿಯೆ, ಫಿಲ್ಯೂನ್ ಎಂಬ ಹೆಸರುಗಳೇ ಕೇಳಿಬರುತ್ತವೆ. ಸೆರೆಸಿಕ್ಕಿದ ಸಾವಿರಾರು ಬೋಯರರನ್ನು ಇಂಗ್ಲಿಷರು ಇಂಡಿಯಾಕ್ಕೆ ತಂದು ಹಲವು ಊರುಗಳ ಶಿಬಿರಗಳಲ್ಲಿಟ್ಟರು. ಅವುಗಳಲ್ಲಿ ನಮ್ಮ ಬಳ್ಳಾರಿಯೂ ಒಂದು.

ಫ್ರಾನ್ಸ್‌ಹುಕ್ ಪೇಟೆಯ ಬೀದಿಯ ಕೊನೆಯಲ್ಲಿ, ಬೆಟ್ಟದ ಬುಡದಲ್ಲಿ, 1948ರಲ್ಲಿ ಉದ್ಘಾಟನೆಯಾದ ಸ್ಮಾರಕವೊಂದಿದೆ. ಮೂರು ಎತ್ತರವಾದ ಕಮಾನುಗಳ ಮುಂದೆ, ಭೂಗೋಲದ ಮೇಲೆ ನಿಂತ ಒಬ್ಬ ಸ್ತ್ರೀಯ ಶಿಲ್ಪ. ಅವಳ ಒಂದು ಕೈಯಲ್ಲಿ ಬೈಬಲ್, ಇನ್ನೊಂದು ಕೈಯಲ್ಲಿ ಮುರಿದ ಸರಪಳಿ. ಕೆಳಗಿನ ಗೋಲದಲ್ಲಿ ಆಫ್ರಿಕಾದ ತುದಿಯ ಮೇಲೆ ತೆನೆ, ದ್ರಾಕ್ಷಿ, ನೂಲುವ ರಾಟೆಗಳನ್ನು ಕೆತ್ತಿದ್ದಾರೆ. ಧರ್ಮವೂ ದುಡಿಮೆಯೂ ಸ್ವಾತಂತ್ರ್ಯವೂ ಅಲ್ಲಿವೆ. ಆದರೆ ಅವಳು ಮಾತನಾಡುವ ಹಾಗಿದ್ದರೆ ಯಾವ ಭಾಷೆಯಲ್ಲಿ ಮಾತನಾಡಿಯಾಳು? ಅವಳ ಮೊಮ್ಮಕ್ಕಳಿಗೆ ಅದು ತಿಳಿದೀತೇ? ಸರಪಳಿಯನ್ನು ನೋಡಿದಾಗ, ಅದೇ ತೋಟಗಳಲ್ಲಿ ದುಡಿದ ಬಂಗಾಳದ, ಮಲಬಾರಿನ ಹೆಣ್ಣುಮಕ್ಕಳ ನೆನಪೂ ನಮಗೆ ಬರದಿರಲಾರದು. ಅವರ ಸರಪಳಿ ಕಳಚಿದುದು 1834ರಲ್ಲಿ ಗುಲಾಮಗಿರಿ ರದ್ದಾಗಿ, ಅದರ ಮೇಲೆ ಇನ್ನೂ ನಾಲ್ಕು ವರ್ಷದ ಕಡ್ಡಾಯ ಸೇವೆ ಮುಗಿದ ಬಳಿಕ.

ನಮ್ಮ ಕುಟುಂಬಗಳಿಂದಲೂ ಮಕ್ಕಳು ಇಂದು ಅಮೆರಿಕಾ, ಆಸ್ಟ್ರೇಲಿಯಾ, ಜರ್ಮನಿಗಳಿಗೆ ಹೋಗಿ ಮನೆ ಮಾಡುತ್ತಿದ್ದಾರೆ. ಹೆಸರಿನ ಜೊತೆಯಲ್ಲಿ ಹಿರಿಯರ ಊರು ತಾನಾಗಿಯೇ ಹೋಗುತ್ತದೆ. ಅಲ್ಲಿಯ ಕಚೇರಿಯ ಕಾಗದಗಳೇ ಅದನ್ನು ಕಾಪಾಡುತ್ತವೆ. ಮಾತು ಹಾಗೆ ತಾನಾಗಿ ಹೋಗುವುದಿಲ್ಲ. ಅದನ್ನು ಪ್ರತಿದಿನವೂ ಊಟದ ಹೊತ್ತಿನಲ್ಲಿ, ಮಕ್ಕಳನ್ನು ಮಲಗಿಸುವ ಹೊತ್ತಿನಲ್ಲಿ ಮತ್ತೆ ಮತ್ತೆ ಕೈಗಿಡಬೇಕಾಗುತ್ತದೆ. ಹೆಸರು ಮುನ್ನೂರು ವರ್ಷ ಬಾಳೀತು. ಮನೆಮಾತಿಗೆ ಮೂರು ತಲೆಮಾರಿನ ಅಸಡ್ಡೆಯೇ ಸಾಕೆಂಬುದನ್ನು ಫ್ರಾನ್ಸ್‌ಹುಕ್ಕಿನ ತೋಟದ ಬಾಗಿಲುಗಳ ಮೇಲಿನ ಫ್ರೆಂಚ್ ಅಕ್ಷರಗಳು ಓದುವವರಿಗೆ ಹೇಳುತ್ತಿವೆ.